ಬಿಸಿಯೂಟದ ತತ್ತಿ: ನಾಲ್ಕು ಸ್ಟಾರ್, ಒಂದು ಕಟ್

ಹೋಟೆಲ್ ರಿವ್ಯೂ ಬರೆಯುವವರಿಗೆ ಬರವಿಲ್ಲ. ನಾನು ಬರೆಯುತ್ತಿರುವುದು ಗಂಗಾವತಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಬಿಸಿಯೂಟದ ಬಗ್ಗೆ, ಅದರಲ್ಲೂ ತಟ್ಟೆಯಲ್ಲಿ ಬೀಳುವ ತತ್ತಿ ಬಗ್ಗೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ ಆದ್ದರಿಂದ ಬಡಿಸುವ ಮೊದಲು ರುಚಿ ನೋಡುವ ಪಾಳಿ ನನಗೂ ಬರುತ್ತದೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕುವುದಿಲ್ಲ, ತತ್ತಿ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಸಾಂಬಾರಿನ ರುಚಿ ನೋಡುತ್ತೇನೆ, ತತ್ತಿಯನ್ನು ಮುರಿದು ನೋಡುತ್ತೇನೆ, ತಿನ್ನುವುದಿಲ್ಲ. ಆರನೇ ಕ್ಲಾಸಿನ ಮಗಳು ತಿನ್ನುತ್ತಾಳೆ. ಅತ್ತೆಗೂ ಗೊತ್ತು. ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ, ಸಂಸಾರ ನಡೆಯುತ್ತಿದೆ.

ಮೊದಲು ಮಾಲಿನ ಬಗ್ಗೆ. ಟ್ರೇ ಬಂದ ಕೂಡಲೇ ಅಡುಗೆಯವ್ವ ಬಕೆಟ್ ನೀರಿಗೆ ಬಿಟ್ಟು ನೋಡುತ್ತಾಳೆ. ತೇಲಿದ್ದು ಹೊರಗೆ, ಮುಳುಗಿದ್ದು ಪಾತ್ರೆಗೆ. ಇದರಲ್ಲಿ ರಾಜಿ ಇಲ್ಲ. ಬೇಯಿಸುವುದರಲ್ಲಿ ಮಾತ್ರ ತಕರಾರಿದೆ. ಅನ್ನಕ್ಕಿಂತ ಮೊದಲೇ ತತ್ತಿ ಬೇಯಿಸಿ, ಅದೇ ಬಿಸಿನೀರಲ್ಲಿ ಬಡಿಸುವ ತನಕ ಬಿಡುತ್ತಾರೆ. ಮುರಿದರೆ ಹಳದಿಯ ಸುತ್ತ ಹಸಿರು ಬಳೆ, ಮೂಗಿಗೆ ಗಂಧಕದ ವಾಸನೆ. ಅದು ಕೆಟ್ಟದ್ದಲ್ಲ, ಬಿಳಿಯ ಗಂಧಕ ಹಳದಿಯ ಕಬ್ಬಿಣಕ್ಕೆ ಸೇರಿ ಆಗುವ ಬಣ್ಣ ಅಷ್ಟೇ. ಆದರೆ ಮೊದಲ ಸಲ ತಿನ್ನುವ ಮಗು ಆ ವಾಸನೆಗೇ ತಟ್ಟೆ ದೂರ ಸರಿಸುತ್ತದೆ. ಹನ್ನೆರಡು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿದರೆ ಮುಗಿಯಿತು, ಸಿಪ್ಪೆಯೂ ಬೇಗ ಬಿಡುತ್ತದೆ. ಹೇಳಿದೆ. ಅಷ್ಟು ತಣ್ಣೀರು ಎಲ್ಲಿಂದ ತರಲಿ ಅಕ್ಕಾ ಅಂದಳು. ನಲ್ಲಿ ಬರುವುದು ದಿನ ಬಿಟ್ಟು ದಿನ.

ಅರ್ಧ ಸ್ಟಾರ್ ಕತ್ತರಿಸಿದ್ದು ಇದಕ್ಕೇ. ಉಳಿದರ್ಧ ದುಡ್ಡಿನ ಲೆಕ್ಕಕ್ಕೆ, ಅದು ಆಮೇಲೆ.

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ, ವಿಜಯಪುರದ ಜೊತೆ ನಮ್ಮ ಕೊಪ್ಪಳಕ್ಕೂ ತತ್ತಿ ಬಂದಾಗ ಎದ್ದ ಗದ್ದಲ ನೆನಪಿರಬೇಕು. ಕೆಲವು ಮಠಾಧೀಶರು ಬೀದಿಗಿಳಿಯುವುದಾಗಿ ಹೇಳಿದರು, ಸಸ್ಯಾಹಾರಿ ಮಕ್ಕಳಿಗೆ ಬೇರೆ ಶಾಲೆ ಮಾಡಿ ಅನ್ನುವ ತನಕ ಮಾತು ಹೋಯಿತು. ನಮ್ಮ ಗಂಗಾವತಿಯದೇ ಒಬ್ಬ ಹುಡುಗಿ, ತತ್ತಿ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂತ ಕ್ಯಾಮೆರಾ ಮುಂದೆ ಹೇಳಿದ್ದು ರಾಜ್ಯವೆಲ್ಲ ನೋಡಿತು. ನಮ್ಮ ಓಣಿಯಲ್ಲಿ ಅವಳನ್ನು ಬೈದವರೂ ಇದ್ದರು, ಒಳಗೊಳಗೇ ನಕ್ಕವರೂ ಇದ್ದರು.

ಮಠದ ಮೇಲೆ ನನಗೆ ಸಿಟ್ಟಿಲ್ಲ. ಸಿದ್ಧಗಂಗೆಯಂಥ ಮಠಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿವೆ. ನನ್ನ ಅಣ್ಣನೂ ಒಂದು ಮಠದ ಪ್ರಸಾದ ಉಂಡೇ ಎಸ್ಸೆಸ್ಸೆಲ್ಸಿ ಮುಗಿಸಿದ. ಆದರೆ ದಾಸೋಹದ ಪಂಕ್ತಿಯಲ್ಲಿ ಏನು ಬಡಿಸಬೇಕು ಅನ್ನುವುದು ಮಠಕ್ಕೆ ಬಿಟ್ಟದ್ದು, ಸರ್ಕಾರಿ ಶಾಲೆಯ ತಟ್ಟೆಯಲ್ಲಿ ಏನಿರಬೇಕು ಅನ್ನುವುದು ಮಗುವಿನ ತೂಕ, ಎತ್ತರಕ್ಕೆ ಬಿಟ್ಟದ್ದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ತತ್ತಿ ತಿಂದ ಯಾದಗಿರಿಯ ಮಕ್ಕಳನ್ನು ತತ್ತಿ ಸಿಗದ ಗದಗಿನ ಮಕ್ಕಳ ಜೊತೆ ತೂಗಿ ನೋಡಿದಾಗ ಯಾದಗಿರಿಯವರೇ ಹೆಚ್ಚು ಮೈ ಹಿಡಿದಿದ್ದರು. ಇಷ್ಟಾದ ಮೇಲೂ 2022ರಲ್ಲಿ, ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಿಂದ ಹೋದ ಒಂದು ವರದಿ ತತ್ತಿಯಿಂದ ಹಾರ್ಮೋನ್ ಏರುಪೇರು ಅಂತ ಬರೆಯಿತು. ಆ ಸಮಿತಿಯ ಮುಖ್ಯಸ್ಥರು ನಿಮ್ಹಾನ್ಸ್ ವೈದ್ಯರು! ಸ್ವಾಮಿಗಳು ಬೇಡ ಅಂದರೆ ಅದು ಅವರ ಆಚಾರ ಅನ್ನಬಹುದು, ಆಚಾರಕ್ಕೆ ಸ್ಟೆತಾಸ್ಕೋಪ್ ಹಾಕಿದರೆ ಏನನ್ನಬೇಕು?

ಗಲಾಟೆ ಮುಗಿದಿಲ್ಲ. 2025ರಲ್ಲಿ ಮಂಡ್ಯದ ಆಲಕೆರೆಯಲ್ಲಿ, ಶಾಲೆ ಪಕ್ಕ ವೀರಭದ್ರೇಶ್ವರನ ಗುಡಿ ಇದೆ, ಇಲ್ಲಿ ತತ್ತಿ ಬೇಯಿಸಬಾರದು ಅಂತ ಎಷ್ಟೋ ಪೋಷಕರು ಟಿಸಿ ತೆಗೆದುಕೊಂಡು ಹೋದರು. ನಮ್ಮಲ್ಲಿ ಹನುಮಪ್ಪನ ಗುಡಿ ಶಾಲೆಯ ಕಾಂಪೌಂಡಿಗೇ ಅಂಟಿದೆ. ಪೂಜಾರಿಯ ಮೊಮ್ಮಗ ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುತ್ತಾನೆ, ಅವನ ಗೆಳೆಯ ತತ್ತಿ ಸಾಲಿನಲ್ಲಿ, ಊಟಕ್ಕೆ ಇಬ್ಬರೂ ಒಂದೇ ಕಟ್ಟೆಗೆ.

ತತ್ತಿ ಬೇಡದವರಿಗೆ ಈಗ ಬಾಳೆಹಣ್ಣು ಮಾತ್ರ, ಚಿಕ್ಕಿ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದು ಒಳ್ಳೆಯದೇ, ನಮ್ಮಲ್ಲಿ ಬಂದದ್ದು ಬರೀ ಬೆಲ್ಲದ ಪಾಕ. ಬಾಳೆಹಣ್ಣು ಬೇಸಿಗೆಯಲ್ಲಿ ಕಪ್ಪಾಗಿರುತ್ತದೆ, ಪ್ರೋಟೀನಿನಲ್ಲಿ ತತ್ತಿಗೆ ಸಾಟಿಯೂ ಅಲ್ಲ. ಶಾಖಾಹಾರಿ ಮಕ್ಕಳ ಬಗ್ಗೆ ನಿಜವಾಗಿ ಕಾಳಜಿ ಇರುವವರು ಮೊಳಕೆ ಹೆಸರುಕಾಳು, ಶೇಂಗಾ ಕೊಡಿ ಅಂತ ಹೋರಾಡಲಿ, ನಾನೂ ಬರುತ್ತೇನೆ.

ಇನ್ನು ದುಡ್ಡು. ಒಂದು ತತ್ತಿಗೆ ಆರು ರೂಪಾಯಿ ಲೆಕ್ಕ. ಅದರಲ್ಲೇ ಗ್ಯಾಸು, ಸಾಗಣೆ, ಸುಲಿಯುವವರಿಗೆ 30 ಪೈಸೆ. ಚಳಿಗಾಲದಲ್ಲಿ ಹೊಸಪೇಟೆಯ ಸಗಟು ದರವೇ ಆರು ದಾಟುವುದುಂಟು. ಆಗ ಹೆಡ್ಮಾಸ್ತರು ಜೇಬಿಗೆ ಕೈ ಹಾಕುತ್ತಾರೆ, ಇಲ್ಲ ಗೋಲಿಯಂಥ ತತ್ತಿ ಬರುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಎರಡಿದ್ದದ್ದು ಆರಾಯಿತು, ಸುಲಿಯುವ ಕೆಲಸವೂ ಮೂರು ಪಟ್ಟಾಯಿತು. ಬಿಸಿ ಸಿಪ್ಪೆಗೆ ಅಡುಗೆಯವ್ವನ ಹೆಬ್ಬೆರಳ ತುದಿ ಬೆಂದು ಬೆಳ್ಳಗಾಗಿದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನನ್ನ ಬೇಡಿಕೆ ಎರಡೇ: ನೀರಿಗೊಂದು ಸಿಂಟೆಕ್ಸ್, ಸುಲಿಯಲು ಇನ್ನೊಬ್ಬರು. ಎರಡೂ ಸಿಕ್ಕರೆ ಐದನೇ ಸ್ಟಾರ್ ಕೊಡುತ್ತೇನೆ.