ಪಾಡ್‌ಕಾಸ್ಟ್ ಕೇಳಲು ಯಾವ ಆ್ಯಪ್?

ವಿಜಯಪುರದಿಂದ ಬಾಗಲಕೋಟೆಗೆ ಬಸ್‌ನಲ್ಲಿ ಓಡಾಡುವವರಿಗೆ ಗೊತ್ತು, ಕೊಲ್ಹಾರದ ಸೇತುವೆ ಬರುವ ಹೊತ್ತಿಗೆ ಕಿವಿಯಲ್ಲಿ ಏನಾದರೂ ಮಾತು ಬೇಕು ಅನಿಸುತ್ತದೆ. ಅದಕ್ಕೇ ಪಾಡ್‌ಕಾಸ್ಟ್, ಅಂದರೆ ಕಂತು ಕಂತಾಗಿ ಬರುವ ಮಾತಿನ ಕಾರ್ಯಕ್ರಮ. ನೆಟ್‌ವರ್ಕ್ ಮಾತ್ರ ನಂಬುವಂತಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ಡೌನ್‌ಲೋಡ್.

ಆ ಲೆಕ್ಕದಲ್ಲಿ ನನಗೆ ಜಾಸ್ತಿ ಇಷ್ಟ ಆಂಟೆನಾಪಾಡ್. ಪೂರ್ತಿ ಉಚಿತ, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ಆ್ಯಪ್‌ನದ್ದೇ ಜಾಹೀರಾತು ಇಲ್ಲ, ಖಾತೆ ತೆರೆಯುವ ಗೋಜೂ ಇಲ್ಲ. ರಾತ್ರಿ ಮನೆಯ ವೈಫೈನಲ್ಲಿ ಹೊಸ ಕಂತುಗಳು ತಾನಾಗಿಯೇ ಇಳಿಯುವಂತೆ ಮಾಡಬಹುದು. ಮಾತಿನ ನಡುವಿನ ಮೌನವನ್ನು ಹಾರಿಸುತ್ತದೆ, ವೇಗವನ್ನೂ ಹೆಚ್ಚಿಸಬಹುದು. ಮುಂದೆ ಬೇರೆ ಆ್ಯಪ್‌ಗೆ ಹೋಗಬೇಕಾದರೆ ನೀವು ಕೇಳುವ ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಫೈಲ್ ಮಾಡಿ ಒಯ್ಯಬಹುದು. ಇದು ಸಣ್ಣ ಮಾತಲ್ಲ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಎಂಬ ಆ್ಯಪೇ ಮುಚ್ಚಿತು, ನೆನಪಿದೆ ಅಲ್ವಾ? ಆದರೆ ಆಂಟೆನಾಪಾಡ್ ಆಂಡ್ರಾಯ್ಡ್‌ಗೆ ಮಾತ್ರ.

ಸ್ಪಾಟಿಫೈನಲ್ಲಿ ಹಾಡು, ಮಾತು ಎರಡೂ ಒಂದೇ ಕಡೆ. ಹೊಸದನ್ನು ಹುಡುಕಲು ಇದೇ ಸುಲಭ. 'ತಲೆ-ಹರಟೆ'ಯಂಥ ಕನ್ನಡ ಪಾಡ್‌ಕಾಸ್ಟ್ ಕೇಳಿದರೆ ಅಂಥವೇ ಇನ್ನಷ್ಟು ತೋರಿಸುತ್ತದೆ. ದುಡ್ಡು ಕಟ್ಟದಿದ್ದರೂ ಪಾಡ್‌ಕಾಸ್ಟ್ ಡೌನ್‌ಲೋಡ್ ಆಗುತ್ತದೆ. ಆದರೆ ಹಾಡುಗಳ ಗದ್ದಲದಲ್ಲಿ ನಿಮ್ಮ ಕಂತು ಎಲ್ಲೋ ಕೆಳಗೆ ಹೋಗಿರುತ್ತದೆ.

ಐಫೋನ್ ಇದ್ದವರಿಗೆ ಆ್ಯಪಲ್ ಪಾಡ್‌ಕಾಸ್ಟ್ಸ್ ಸಾಕು. ವಿಡಿಯೊ ಮಾತುಕತೆ ಇಷ್ಟಪಡುವವರಿಗೆ ಯೂಟ್ಯೂಬ್ ಮ್ಯೂಸಿಕ್. ಪಾಡ್‌ಕಾಸ್ಟ್ ಆದರೆ ಪರದೆ ಆರಿಸಿದರೂ ಉಚಿತವಾಗಿ ನಡೆಯುತ್ತದೆ.

ನನ್ನ ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದು ಆಂಟೆನಾಪಾಡ್. ಹುಡುಕುವ ಕೆಲಸ ನನ್ನದು, ಕೇಳುವುದು ಅವರದು.