ಹುಬ್ಬಳ್ಳಿಯ ಇನ್‌ಕ್ಯುಬೇಟರ್, ಶಿರಸಿಯ ಮುರುಗಲು: ಕೆಲವು ವರ್ಷ ಬಳಸಿದವರ ಅನುಭವ

ಶಿರಸಿ ಹತ್ತಿರ ನಮ್ಮದು ಮುರುಗಲು (ಕೋಕಂ) ಹಣ್ಣಿನ ಸಿರಪ್, ಒಣಸಿಪ್ಪೆ ಮಾಡುವ ಸಣ್ಣ ಉದ್ಯಮ. 2019ರಲ್ಲಿ ಹುಬ್ಬಳ್ಳಿಯ ಒಂದು ಇನ್‌ಕ್ಯುಬೇಟರ್ (ಹೊಸ ಉದ್ಯಮಗಳಿಗೆ ತರಬೇತಿ, ಮಾರ್ಗದರ್ಶನ ಕೊಡುವ ಸಂಸ್ಥೆ) ಸೇರಿದೆವು, ಇವತ್ತಿಗೂ ಒಡನಾಟ ಇದೆ. ಬರೀ ಬಂಡವಾಳದ ಆಸೆಯಿಂದ ಸೇರಬೇಕೆಂದಿರುವವರು ದಯವಿಟ್ಟು ಪೂರ್ತಿ ಓದಿ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ನಮ್ಮ ಕಡೆ ಮುರುಗಲು ಹಣ್ಣಾಗುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿಯುವುದರೊಳಗೆ ಕೊಯ್ದು, ಬೀಜ ಬಿಡಿಸಿ, ಸಿಪ್ಪೆ ಒಣಗಿಸಿ ಮುಗಿಸಬೇಕು. ಆ ವರ್ಷ ಬೆಂಗಳೂರಿನ ಅಂಗಡಿಗಳು ಹಳೆ ಬಾಕಿ ಕೊಡದೆ ಬಾಗಿಲು ಹಾಕಿದ್ದವು, ಸಿರಪ್ ಬಾಟಲಿಗಳ ಪೆಟ್ಟಿಗೆ ಅಟ್ಟದವರೆಗೆ ಪೇರಿಸಿತ್ತು.

ನಮಗೆ ಸಿಕ್ಕ ಮಾರ್ಗದರ್ಶಕರು ಬ್ಯಾಂಕಿನಿಂದ ನಿವೃತ್ತರಾದವರು. ಫೋನಿನಲ್ಲಿ ಮೊದಲು ಕೇಳಿದ್ದೇ ಇದು: "ಲಾಭ-ನಷ್ಟ ಆಮೇಲೆ ನೋಡೋಣ್ರಿ. ಕೈಯಾಗಿರೋ ರೊಕ್ಕ ಯಾವ ವಾರಕ್ಕ ತೀರ್ತೈತಿ?" ಎಕ್ಸೆಲ್‌ನಲ್ಲಿ ವಾರಕ್ಕೊಂದು ಕಾಲಂ ಮಾಡಿಸಿದರು, ಮೇಲೆ ಬರುವ ದುಡ್ಡು, ಕೆಳಗೆ ಹೋಗುವ ದುಡ್ಡು. ಅಂಗಡಿಯವರ ಬಾಕಿಯನ್ನು ಬರುವ ಲೆಕ್ಕಕ್ಕೆ ಹಿಡಿಯಲು ಬಿಡಲೇ ಇಲ್ಲ. ಹಾಳೆ ತುಂಬುವಷ್ಟರಲ್ಲಿ ದಾರಿ ಕಂಡಿತು: ಆ ಹಂಗಾಮಿಗೆ ಸಿರಪ್ ಬಂದ್, ಸಿಪ್ಪೆ ಮಾತ್ರ. ಸಿಪ್ಪೆಗೆ ಸಕ್ಕರೆ, ಬಾಟಲಿ, ಲೇಬಲ್ ಯಾವುದರ ಖರ್ಚೂ ಇಲ್ಲ, ಚೆನ್ನಾಗಿ ಒಣಗಿದ್ದರೆ ಮಳೆಗಾಲ ದಾಟಿಯೂ ಇರುತ್ತದೆ. ಬೀಜದಿಂದ ಮುರುಗಲು ತುಪ್ಪ ತೆಗೆದು, ಅವರೇ ಪರಿಚಯಿಸಿದ ಸಾಬೂನು ತಯಾರಕರಿಗೆ ಕೊಟ್ಟೆವು. ಹಣ್ಣು ತಂದವರಿಗೆ ಮೊದಲು ದುಡ್ಡು, ಬಾಟಲಿಯವರ ಹತ್ತಿರ ಸಮಯ ಕೇಳಿ ಎಂದವರೂ ಅವರೇ. ಬಾಟಲಿ ಬೇರೆ ಕಡೆ ಸಿಗುತ್ತದೆ, ಬೆಟ್ಟ ತಿರುಗಿ ಹಣ್ಣು ಕೊಯ್ಯುವವರನ್ನು ಎಲ್ಲಿಂದ ತರುವುದು?

ರಿಸರ್ವ್ ಬ್ಯಾಂಕ್ ಆ ವರ್ಷ ಆಗಸ್ಟ್ 31ರವರೆಗೆ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಾಗ, "ಕಂತು ನಿಂತ್ರೂ ಬಡ್ಡಿ ನಿಲ್ಲೂದಿಲ್ರಿ" ಎಂದು ಕೂಡಿಸಿ ತೋರಿಸಿದರು. ಹಾಗಾಗಿ ತೀರಾ ಬೇಕಾದ ತಿಂಗಳಿಗಷ್ಟೇ ಅದನ್ನು ಬಳಸಿದೆವು.

ಕೊರತೆಯೂ ಇದೆ. ತರಬೇತಿ ಹೆಚ್ಚಾಗಿ ಆ್ಯಪ್, ಸಾಫ್ಟ್‌ವೇರ್ ಕಂಪನಿಗಳಿಗೆ ಹೊಂದುವಂಥದ್ದು. ಹೂಡಿಕೆದಾರರಿಗೆ ಸ್ಲೈಡ್ ತೋರಿಸುವ ಕಾರ್ಯಕ್ರಮಗಳಿಂದ ನಮಗೆ ಏನೂ ದಕ್ಕಲಿಲ್ಲ. ವರ್ಷಕ್ಕೊಂದೇ ಹಂಗಾಮಿನ ವ್ಯವಹಾರ ಅವರಿಗೆ ರುಚಿಸುವುದಿಲ್ಲ. ಮಳೆಗಾಲದಲ್ಲಿ ಹುಬ್ಬಳ್ಳಿಗೆ ಹೋಗಿಬಂದರೆ ಅಂದಿನ ಕೆಲಸ ಮುಗಿದಂತೆಯೇ. 2021ರಲ್ಲಿ ಶುರುವಾದ ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ (ಆರಂಭದ ಬಂಡವಾಳದ ಯೋಜನೆ) ಇನ್‌ಕ್ಯುಬೇಟರ್‌ಗಳ ಮೂಲಕ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿತ್ತು. ಆದರೆ ಕಂಪನಿ ನೋಂದಣಿಯಾಗಿ ಎರಡು ವರ್ಷ ದಾಟಿದ್ದರೆ ಅರ್ಜಿ ಹಾಕುವಂತಿರಲಿಲ್ಲ. ನಮ್ಮದು ದಾಟಿತ್ತು. ಹೊಸಬರು ಇಂಥ ಗಡುವು ಇದೆಯೇ ಎಂದು ನೋಡಿಕೊಂಡೇ ನೋಂದಣಿ ಮಾಡಿಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ, ಆ ನಾಲ್ಕೂ ಮಾರ್ಗದರ್ಶಕರಿಗೇ. ಸೇರುವ ಮುಂಚೆ ಒಪ್ಪಂದದಲ್ಲಿ ನಿಮ್ಮ ಕಂಪನಿಯ ಷೇರು ಕೇಳಿದ್ದಾರೆಯೇ ನೋಡಿ. ಮಾರ್ಗದರ್ಶಕರಾಗಿ ಯಾರನ್ನು ಕೊಡುತ್ತಾರೆ ಎಂದು ವಿಚಾರಿಸಿ, ಆ ಇನ್‌ಕ್ಯುಬೇಟರ್‌ನಲ್ಲಿ ಈಗಾಗಲೇ ಇರುವ ಆಹಾರ ತಯಾರಿಕೆಯವರೊಬ್ಬರಿಗೆ ಫೋನ್ ಮಾಡಿ ಮಾತಾಡಿ.