ಎರೆಮಣ್ಣಿನ ಲಾನ್‌ಗೆ ಮನೆಯಲ್ಲೇ ಗೊಬ್ಬರ: ಬಿಯರ್-ಕೋಲಾ, ಹಿಂಡಿ ನೀರು, ಗೋಮೂತ್ರ, ಬೂದಿ, ಅನ್ನಭೇದಿ ಹೋಲಿಕೆ

100 ಚದರ ಅಡಿ ಕರಿಕಿ (ಗರಿಕೆ ಹುಲ್ಲು) ಲಾನ್‌ಗೆ ಒಂದು ಸಲಕ್ಕೆ ಬೇಕಾಗುವ ಪೂರ್ತಿ ಸಾರಜನಕ ಸುಮಾರು 45 ಗ್ರಾಂ. ಯೂರಿಯಾದಲ್ಲಿ 46% ಸಾರಜನಕ ಇರುವುದರಿಂದ 100 ಗ್ರಾಂ ಯೂರಿಯಾ ಹಾಕಿದರೆ ಲೆಕ್ಕ ಮುಗಿಯಿತು. ಮನೆಯಲ್ಲಿ ಏನೇ ಕಲಸಿದರೂ, ಏನೇ ಕೊಳೆಸಿದರೂ ಮೊದಲು ಈ 45 ಗ್ರಾಂಗೆ ಹೋಲಿಸಿ ನೋಡಬೇಕು. ಎರಡನೆಯದು ಮಣ್ಣು. ಕಲಬುರಗಿ, ಯಾದಗಿರಿಯ ಎರೆಮಣ್ಣು ಕ್ಷಾರದ ಮಣ್ಣು, ಪಿಎಚ್ (ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 8ರ ಮೇಲೆಯೇ. ಅಗೆದರೆ ಸುಣ್ಣದ ಹರಳು ಕೈಗೆ ಸಿಗುತ್ತವೆ. ಬೀದರ್ ಊರಿನ ಸುತ್ತಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಸ್ವಭಾವವೇ ಬೇರೆ. ಅಲ್ಲಿ ನಡೆದ ಮದ್ದು ಇಲ್ಲಿ ನಡೆಯುತ್ತದೆ ಅಂದುಕೊಳ್ಳಬಾರದು.

ಹೋಲಿಕೆಗೆ ಒಂದೇ ಲಾನ್‌ನಲ್ಲಿ ಹಗ್ಗ ಕಟ್ಟಿ ಪಟ್ಟಿ ಮಾಡಿ, ಒಂದೊಂದಕ್ಕೆ ಒಂದೊಂದು ಬಗೆ ಕೊಟ್ಟು, ಒಂದು ಪಟ್ಟಿಗೆ ಬರೀ ನೀರು ಬಿಟ್ಟು ನೋಡಿದ್ದೇವೆ. ಈ ಬರೀ ನೀರಿನ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಮಳೆ ಮಾಡಿದ ಕೆಲಸದ ಹೆಸರು ಗೊಬ್ಬರಕ್ಕೆ ಹೋಗುತ್ತದೆ. ಮಿರಗ (ಮೃಗಶಿರಾ ಮಳೆ) ಚೆನ್ನಾಗಿ ಸುರಿದರೆ ಏನೂ ಹಾಕದ ಕರಿಕಿಯೂ ವಾರದಲ್ಲಿ ಹಸಿರಾಗಿ ನಿಲ್ಲುತ್ತದೆ.

ವಿಡಿಯೋಗಳಲ್ಲಿ ಹೆಚ್ಚು ಓಡುತ್ತಿರುವ ಬಿಯರ್-ಕೋಲಾ ಟಾನಿಕ್ಕನ್ನು ಮೊದಲು ಮುಗಿಸಿಬಿಡೋಣ. ಬಿಯರ್, ಕೋಲಾ, ಪಾತ್ರೆ ತೊಳೆಯುವ ಲಿಕ್ವಿಡ್, ಅಮೋನಿಯಾ ಇಷ್ಟನ್ನು ಕಲಸಿ ಹೊಡೆಯುವುದು ಅಮೆರಿಕದ ಪದ್ಧತಿ. 650 ಮಿಲಿ ಬಿಯರ್ ಬಾಟಲಿಯಲ್ಲಿ ಸಾರಜನಕ ಅರ್ಧ ಗ್ರಾಂ ಆಸುಪಾಸು, ಅಂದರೆ 100 ಚದರ ಅಡಿಗೆ 90 ಬಾಟಲಿ ಬೇಕು! ಕೋಲಾದಲ್ಲಿ ಇರುವುದು ಸಕ್ಕರೆ, ಅದು ಇರುವೆಗೆ ಊಟ. ಆ ಟಾನಿಕ್‌ನಲ್ಲಿ ಹುಲ್ಲಿಗೆ ನಿಜವಾಗಿ ಹಿಡಿಯುವುದು ಅಮೋನಿಯಾ ಒಂದೇ. ಅದು ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಕೆಲವರು ಬಚ್ಚಲು ತೊಳೆಯುವ ದ್ರಾವಣ, ಬ್ಲೀಚಿಂಗ್ ಪೌಡರ್ ಹಾಕಲು ಹೋಗುತ್ತಾರೆ. ಅಮೋನಿಯಾಕ್ಕಾಗಲಿ ಮೂತ್ರಕ್ಕಾಗಲಿ ಬ್ಲೀಚಿಂಗ್ ಪೌಡರ್ ಕೂಡಿದರೆ ವಿಷಾನಿಲ ಏಳುತ್ತದೆ, ಆ ತಂಟೆಗೇ ಹೋಗಬಾರದು. ಬಿಯರ್-ಕೋಲಾ ಪಟ್ಟಿಗೂ ಬರೀ ನೀರಿನ ಪಟ್ಟಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇರುವೆ ಮಾತ್ರ ಸಾಲುಗಟ್ಟಿ ಬಂದವು.

ಅಕ್ಕಿ, ಬೇಳೆ ತೊಳೆದ ನೀರು ಕೆಡುಕು ಮಾಡುವುದಿಲ್ಲ, ಗೊಬ್ಬರವೂ ಅಲ್ಲ. ಕುಂಡಕ್ಕೆ ಹಾಕಿಕೊಳ್ಳಿ. ಚಹಾ ಪುಡಿ ನಮ್ಮಲ್ಲಿ ಹಾಲು, ಸಕ್ಕರೆ ಜೊತೆ ಕುದಿದದ್ದು. ಲಾನ್ ಮೇಲೆ ಉದುರಿಸಿದರೆ ಪದರುಗಟ್ಟಿ ಬೂಸ್ಟು ಹಿಡಿಯುತ್ತದೆ, ಅದರ ಜಾಗ ಕಾಂಪೋಸ್ಟ್ ಗುಂಡಿ. ಬಟ್ಟೆ ಒಗೆದ ನೀರು ಮಾತ್ರ ಖಂಡಿತ ಬೇಡ. ಅದರಲ್ಲಿನ ಸೋಡಿಯಂ ಎರೆಮಣ್ಣಿನ ಕಣಗಳನ್ನು ಬಿಡಿಸಿ ಮೇಲ್ಪದರು ಮುಚ್ಚಿಸುತ್ತದೆ, ಆಮೇಲೆ ನೀರು ಇಂಗುವುದೇ ಇಲ್ಲ.

ಮನೆಯಲ್ಲಿ ಮಾಡಬಹುದಾದವುಗಳಲ್ಲಿ ನಮ್ಮ ಮೊದಲ ಆಯ್ಕೆ ಹಿಂಡಿ ನೀರು. ಶೇಂಗಾ ಹಿಂಡಿಯಲ್ಲಿ ಸಾರಜನಕ ಸುಮಾರು 7%, ಬೇವಿನ ಹಿಂಡಿಯಲ್ಲಿ 5% ಹತ್ತಿರ, ಸಿಪ್ಪೆ ಸಮೇತ ಅರೆದ ಕುಸುಬಿ ಹಿಂಡಿಯಲ್ಲಿ 4-5%. ಗಾಣದಲ್ಲಿ ಅಥವಾ ದನದ ಹಿಂಡಿ ಮಾರುವ ಅಂಗಡಿಯಲ್ಲಿ ಬಿಡಿಯಾಗಿ ಕೊಡುತ್ತಾರೆ. 100 ಚದರ ಅಡಿಗೆ 300 ಗ್ರಾಂ ಶೇಂಗಾ ಹಿಂಡಿ ಕುಟ್ಟಿ 3 ಲೀಟರ್ ನೀರಿನಲ್ಲಿ ನೆನೆಹಾಕಬೇಕು. ಬಕೆಟ್ ಪ್ಲಾಸ್ಟಿಕ್‌ನದಾಗಿರಲಿ, ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೊರೆ ಉಕ್ಕುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಟ್ಟು ಬೆಳಗ್ಗೆ ಸಂಜೆ ಕೋಲಿನಿಂದ ತಿರುವಬೇಕು. ಬೇಸಿಗೆಯಲ್ಲಿ ಎರಡು ದಿನ ಸಾಕು, ಚಳಿಗಾಲದಲ್ಲಿ ನಾಲ್ಕು. ಹುಳಿ ವಾಸನೆ ಬಂದರೆ ಸರಿಯಾಗಿದೆ. ಕೊಳೆತ ಮೊಟ್ಟೆಯ ನಾತ ಹೊಡೆದರೆ ತಿರುವಿಲ್ಲ, ಗಾಳಿ ಸಿಕ್ಕಿಲ್ಲ ಎಂದರ್ಥ. ಆಗಲೂ ಕೆಲಸಕ್ಕೆ ಬರುತ್ತದೆ, ಆದರೆ ಪಕ್ಕದ ಮನೆಯವರು ಸುಮ್ಮನಿರುವುದಿಲ್ಲ.

ಹಳೆ ಧೋತರದ ಬಟ್ಟೆಯಲ್ಲಿ ಸೋಸಿ, ತಿಳಿಯನ್ನು 20 ಲೀಟರ್ ಮಾಡಿಕೊಂಡು, ಹೊತ್ತು ಇಳಿದ ಮೇಲೆ ಝಾರಿಯಿಂದ ಹಾಕಿ, ಹಿಂದೆಯೇ ಒಂದು ಬಕೆಟ್ ಬರೀ ನೀರು ಹಾಯಿಸಬೇಕು. ಎಲೆಯ ಮೇಲೆ ಹಿಂಡಿ ತಿಳಿ ಒಣಗಿದರೆ ಜಿಗಟು ಪೊರೆ ಆಗಿ ತುದಿ ಸುಡುತ್ತದೆ. ಉಳಿದ ಚರಟದಲ್ಲೂ ಸಾರ ಬಾಕಿ ಇರುತ್ತದೆ, ಗಿಡಗಳ ಬುಡದಲ್ಲಿ ಹೂಳಿ. ಒಣ ಹಿಂಡಿಯನ್ನೇ ಲಾನ್‌ಗೆ ಎರಚುವುದು ಸುಲಭ ಎನ್ನಿಸಬಹುದು, ಆದರೆ ವಾಸನೆಗೆ ಬೀದಿ ನಾಯಿ ಬಂದು ಕೆದರುತ್ತವೆ, ಗೆದ್ದಲೂ ಹತ್ತುತ್ತದೆ. ಎರಚಲೇಬೇಕೆಂದರೆ ಬೇವಿನ ಹಿಂಡಿ, ಅದನ್ನು ನಾಯಿ ಮುಟ್ಟುವುದಿಲ್ಲ. ನೆನೆಹಾಕಿದ 300 ಗ್ರಾಂ ಶೇಂಗಾ ಹಿಂಡಿ ಎಂದರೆ ಸಾರಜನಕ 21 ಗ್ರಾಂ, ಸುಮಾರು ಅರ್ಧ ಪ್ರಮಾಣ. ಹಾಗಾಗಿ ಮೂರು ವಾರಕ್ಕೊಮ್ಮೆ ಕೊಡಬೇಕು. ಯೂರಿಯಾ ಪಟ್ಟಿ ನಾಲ್ಕೈದು ದಿನಕ್ಕೇ ಎದ್ದು ಕಾಣುತ್ತದೆ, ಸರಸರ ಬೆಳೆದು ಮಷಿನ್ನಿಗೆ ಕೆಲಸ ಕೊಡುತ್ತದೆ, ಬೇಗ ಮಂಕಾಗುತ್ತದೆ. ಹಿಂಡಿ ಪಟ್ಟಿ ವಾರ ಹತ್ತು ದಿನ ಕಾಯಿಸುತ್ತದೆ, ಆದರೆ ಬಣ್ಣ ಹೆಚ್ಚು ದಿನ ನಿಲ್ಲುತ್ತದೆ. ಎರೆಮಣ್ಣಿನ ಬಿಸಿಗೆ ಯೂರಿಯಾದ ಒಂದಿಷ್ಟು ಪಾಲು ಅಮೋನಿಯಾ ಆಗಿ ಹಾರಿಹೋಗುವುದೂ ಉಂಟು. ಯೂರಿಯಾ ಹಾಕಿದ ಕೂಡಲೇ ನಾಲ್ಕು ಬಕೆಟ್ ನೀರು ಕೊಡದಿದ್ದರೆ ನಷ್ಟ ಇನ್ನೂ ಹೆಚ್ಚು.

ಗೋಮೂತ್ರ ಎರಡನೇ ಸ್ಥಾನಕ್ಕೆ. ತಾಜಾ ಇದ್ದರೆ ಸಾರಜನಕ ಹೆಚ್ಚುಕಡಿಮೆ 1%. 2 ಲೀಟರನ್ನು 20 ಲೀಟರ್ ನೀರಿಗೆ ಕೂಡಿಸಿ 100 ಚದರ ಅಡಿಗೆ ಹಾಕಿದರೆ ಹಿಂಡಿ ನೀರಿನಷ್ಟೇ ಬಲ, ಅದಕ್ಕಿಂತ ಬೇಗ ಹಸಿರು. ಬಾಯಿ ತೆರೆದ ಡಬ್ಬದಲ್ಲಿ ವಾರಗಟ್ಟಲೆ ಇಟ್ಟರೆ ಅಮೋನಿಯಾ ಹಾರಿ ಸಾರ ಕಡಿಮೆಯಾಗುತ್ತದೆ, ಬಿಗಿ ಮುಚ್ಚಳದ ಕ್ಯಾನ್ ಬೇಕು. ನೀರು ಕೂಡಿಸದೆ ಸುರಿದರೆ ಏನಾಗುತ್ತದೆ ಎಂಬುದಕ್ಕೆ ನಾಯಿ ಉಚ್ಚೆ ಹೊಯ್ದ ಜಾಗ ನೋಡಿ: ನಡುವೆ ಸುಟ್ಟ ಹುಲ್ಲು, ಸುತ್ತ ಕಡುಹಸಿರು ಬಳೆ. ನಡುವೆ ಹೆಚ್ಚಾಗಿದೆ, ಅಂಚಿನಲ್ಲಿ ಸರಿಯಾಗಿದೆ. ಬೋರ್‌ವೆಲ್ ನೀರು ಸವಳಾಗಿದ್ದರೆ ಗೋಮೂತ್ರದ ಉಪ್ಪೂ ಸೇರಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಂಥ ಮನೆಯವರು ಮಳೆಗಾಲದಲ್ಲಷ್ಟೇ ಬಳಸುವುದು ಲೇಸು.

ಜೀವಾಮೃತವನ್ನು ಗೊಬ್ಬರ ಎಂದು ತೂಗಿದರೆ ನಿರಾಶೆ. 20 ಲೀಟರಿಗೆ 1 ಕೆಜಿ ಸಗಣಿ, 1 ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ತೊಗರಿ ಅಥವಾ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿದರೆ ಸಾರಜನಕದ ಸುಮಾರು ಅರ್ಧ ಪಾಲು ಬರುವುದು ಗೋಮೂತ್ರದಿಂದಲೇ. ಆ ಗೋಮೂತ್ರವನ್ನು ನೇರ ಹಾಕಿದರೆ ಶ್ರಮ ಕಡಿಮೆ. ಮಣ್ಣಿನ ಜೀವಾಣುಗಳಿಗಾಗಿ ಹಾಕುತ್ತೇವೆ ಎನ್ನುವವರು ಹಾಕಲಿ, ಬಣ್ಣಕ್ಕಾಗಿ ಅಲ್ಲ.

ಬೂದಿ ಎರೆಮಣ್ಣಿಗೆ ಬೇಡವೇ ಬೇಡ. ಅದು ಸ್ವತಃ ಕಟುವಾದ ಕ್ಷಾರ, ಮೊದಲೇ ಕ್ಷಾರವಿರುವ ಮಣ್ಣನ್ನು ಇನ್ನಷ್ಟು ಆ ಕಡೆಗೇ ತಳ್ಳುತ್ತದೆ. ಬೀದರ್‌ನ ಕೆಂಪು ಮಣ್ಣು ಹುಳಿ ಕಡೆಗಿದ್ದರೆ 100 ಚದರ ಅಡಿಗೆ ವರ್ಷಕ್ಕೊಮ್ಮೆ 250 ಗ್ರಾಂ ಜರಡಿ ಹಿಡಿದ ಕಟ್ಟಿಗೆ ಬೂದಿ ನಡೆಯುತ್ತದೆ. ಯೂರಿಯಾ, ಗೋಮೂತ್ರ ಹಾಕಿದ ಆಸುಪಾಸಿನಲ್ಲಿ ಬೂದಿ ಹಾಕಿದರೆ ಸಾರಜನಕ ಹಾರಿಹೋಗುತ್ತದೆ. ಎಪ್ಸಮ್ ಸಾಲ್ಟ್‌ನಲ್ಲಿ ಮೆಗ್ನೀಸಿಯಂ, ಗಂಧಕ ಬಿಟ್ಟರೆ ಬೇರೇನಿಲ್ಲ. ಎರೆಮಣ್ಣಿಗೆ ಮೆಗ್ನೀಸಿಯಂ ಕೊರತೆ ಅಪರೂಪ, ದುಡ್ಡು ದಂಡ.

ಇಷ್ಟೆಲ್ಲ ಹಾಕಿದರೂ ಹಳದಿ ಹೋಗದಿದ್ದರೆ ಮಂಡಿಯೂರಿ ಎಲೆ ನೋಡಬೇಕು. ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಹೊಸ ಎಲೆ ಹಳದಿಯಾಗಿ, ಅದರ ಉದ್ದಕ್ಕೆ ಸಣ್ಣ ಹಸಿರು ಗೆರೆಗಳು ಉಳಿದಿದ್ದರೆ ಕಬ್ಬಿಣದ್ದು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಲಬುರಗಿಯ ಲಾನ್‌ಗಳಲ್ಲಿ ಇದು ಸಾಮಾನ್ಯ, ಜನ ತಿಳಿಯದೆ ಯೂರಿಯಾ ಮೇಲೆ ಯೂರಿಯಾ ಹಾಕುತ್ತಾರೆ. ಮದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. 1 ಲೀಟರ್ ನೀರಿಗೆ ಮೊದಲು ಅರ್ಧ ಲಿಂಬೆಹಣ್ಣು ಹಿಂಡಿ, ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ, ಎರಡು ಹನಿ ಪಾತ್ರೆ ಲಿಕ್ವಿಡ್ ಬಿಟ್ಟು, 100 ಚದರ ಅಡಿಗೆ ಸಂಜೆ ಸಿಂಪಡಿಸಬೇಕು. ದ್ರಾವಣ ತಿಳಿಹಸಿರಾಗಿರಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿ ತಳದಲ್ಲಿ ಗಸಿ ಕೂತರೆ ಕಬ್ಬಿಣ ತುಕ್ಕಾಗಿದೆ, ಚೆಲ್ಲಿಬಿಡಿ. ಸವಳು ನೀರಿನಲ್ಲಿ ಹೀಗಾಗುವುದು ಹೆಚ್ಚು, ಹಿಡಿದಿಟ್ಟ ಮಳೆ ನೀರು ಉತ್ತಮ. ಪ್ರಮಾಣ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ. ಮಣ್ಣಿಗೆ ಹಾಕಿ ಉಪಯೋಗವಿಲ್ಲ, ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿ ಬರುವ ಎಲೆ ಮತ್ತೆ ಹಳದಿಯಾದರೆ 15 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಲಾನ್ ಅಂಚಿನಲ್ಲಿ ಶಹಾಬಾದಿ ಪರ್ಸಿ ಹಾಸಿದ್ದರೆ ಮೊದಲೇ ತಟ್ಟು ಅಥವಾ ಪ್ಲಾಸ್ಟಿಕ್ ಹೊದಿಸಿ. ಅನ್ನಭೇದಿ ಹನಿ ಬಿದ್ದಲ್ಲಿ ತುಕ್ಕಿನ ಕಲೆ ಕೂರುತ್ತದೆ. ಅದನ್ನು ಆಸಿಡ್ ಹಾಕಿ ತಿಕ್ಕಿದರೆ ಪರ್ಸಿಯೇ ನೊರೆ ಬಂದು ಮಂಕಾಗುತ್ತದೆ, ಅದು ಸುಣ್ಣದ ಕಲ್ಲು.

ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಯಾವ ಗೊಬ್ಬರವೂ ಬೇಡ, ನೀರಷ್ಟೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಡಬೇಕು. ಡಿಸೆಂಬರ್-ಜನವರಿಯಲ್ಲಿ, ಮುಖ್ಯವಾಗಿ ಬೀದರ್ ಚಳಿಯಲ್ಲಿ, ಕರಿಕಿ ತಾನೇ ನಿಂತುಬಿಡುತ್ತದೆ, ಆಗ ಹಾಕಿದ್ದು ಕಳೆಗೆ ಹೋಗುತ್ತದೆ. ಕತ್ತರಿಸಿದ ಹುಲ್ಲನ್ನು ಚೀಲ ತುಂಬಿ ಎಸೆಯುವ ರೂಢಿ ಬಿಟ್ಟರೆ ವರ್ಷದ ಸಾರಜನಕದ ಸುಮಾರು ಕಾಲು ಭಾಗ ಅಲ್ಲೇ ಉಳಿಯುತ್ತದೆ. ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ತುಣುಕು ಸಣ್ಣದಿರಬೇಕು, ಹುಲ್ಲು ಒಣಗಿರಬೇಕು. ಮಳೆಯಲ್ಲಿ ನೆನೆದು ಮುದ್ದೆಗಟ್ಟಿದ್ದನ್ನು ಮಾತ್ರ ಬಾಚಿ ತೆಗೆಯಿರಿ, ಅದರ ಕೆಳಗೆ ಕರಿಕಿ ಉಸಿರುಗಟ್ಟಿ ಕೊಳೆಯುತ್ತದೆ.